ಬಡ ದೇಶಗಳ ಸಾಲ, ನೆರವು, ಲಂಚ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಸಾಲ, ಆಡಿಟ್ ವರದಿ ಇವೆಲ್ಲ ನಾನು ಬರೆಯುವ ವಿಷಯಗಳು. ಹಾಗಾಗಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್‌ಗೆ ಬರುವವರು, ಕೆಎಎಸ್‌ಗೆ ಓದುತ್ತಿರುವ ಹುಡುಗ ಹುಡುಗಿಯರು, ಮದ್ದೂರು ಪಾಂಡವಪುರದ ಕಡೆಯಿಂದ ಕಾಗದ ಬರೆಯುವವರು ಎಲ್ಲರೂ ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳುತ್ತಾರೆ. ಅವನ್ನು ಅವರ ಮಾತಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವವು ಆಮೇಲೆ.

## ಶುರುವಿನವು

ಈ ವಿಶ್ವಬ್ಯಾಂಕ್‌ಗೆ ದುಡ್ಡು ಎಲ್ಲಿಂದ ಬರುತ್ತೆ ಸಾರ್? ಅಮೆರಿಕದವರು ಕೊಡ್ತಾರಾ?

ಎಲ್ಲವನ್ನೂ ಅಮೆರಿಕ ಕೊಡುವುದಿಲ್ಲ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಅನ್ನುವ ಊರಲ್ಲಿ ಸೇರಿದ ಸಭೆಯಲ್ಲಿ ಈ ಬ್ಯಾಂಕಿನ ಯೋಜನೆ ಆಯಿತು. ಯುದ್ಧದಲ್ಲಿ ಹಾಳಾದ ಯೂರೋಪನ್ನು ಮತ್ತೆ ಕಟ್ಟುವುದು ಮೊದಲ ಉದ್ದೇಶ. ಅದಕ್ಕೇ ಮೊದಲ ಸಾಲ ಹೋಗಿದ್ದು 1947ರಲ್ಲಿ ಫ್ರಾನ್ಸಿಗೆ, 25 ಕೋಟಿ ಡಾಲರ್. ಭಾರತಕ್ಕೆ ಮೊದಲ ಸಾಲ ಬಂದಿದ್ದು 1949ರಲ್ಲಿ, ರೈಲ್ವೆಗೆ.

ಈಗ 180ಕ್ಕೂ ಹೆಚ್ಚು ದೇಶಗಳು ಅದರ ಷೇರುದಾರರು, ನಾವೂ ಸೇರಿ. ಆದರೆ ಸದಸ್ಯರು ನಿಜವಾಗಿ ಕಟ್ಟಿರುವ ಬಂಡವಾಳ ಕಮ್ಮಿ. ಬ್ಯಾಂಕ್ ತನ್ನ ಹೆಸರಿನ ಮೇಲೆ ಬಾಂಡ್, ಅಂದರೆ ಸಾಲಪತ್ರ, ಮಾರಿ, ಮಾರುಕಟ್ಟೆಯಿಂದ ಕಮ್ಮಿ ಬಡ್ಡಿಗೆ ಎತ್ತಿ, ಸ್ವಲ್ಪ ಸೇರಿಸಿ ದೇಶಗಳಿಗೆ ಕೊಡುತ್ತದೆ. ತೀರಾ ಬಡ ದೇಶಗಳಿಗೆ 1960ರಲ್ಲಿ ಐಡಿಎ ಅಂತ ಬೇರೆ ಕೈ ಶುರುವಾಯಿತು. ಅಲ್ಲಿಗೆ ಮಾತ್ರ ಶ್ರೀಮಂತ ದೇಶಗಳು ಮೂರು ವರ್ಷಕ್ಕೊಮ್ಮೆ ದುಡ್ಡು ಹಾಕುತ್ತವೆ. ಬಹಳ ಕಾಲ ಆ ಐಡಿಎಯಿಂದ ಎಲ್ಲರಿಗಿಂತ ಹೆಚ್ಚು ಪಡೆದದ್ದು ಭಾರತವೇ. 2014ರಲ್ಲಿ ನಮ್ಮನ್ನು ಆ ಪಟ್ಟಿಯಿಂದ ಮೇಲೆ ಹತ್ತಿಸಿದರು.

ಪೇಪರ್‌ನಲ್ಲಿ ಒಂದಿನ ನೆರವು ಅಂತಾರೆ, ಒಂದಿನ ಸಾಲ ಅಂತಾರೆ. ಯಾವುದು ನಿಜ?

ಎರಡೂ ಇರುತ್ತೆ. ವಾಪಸ್ ಕೊಡಬೇಕಿಲ್ಲದ್ದು ಅನುದಾನ. ಕಮ್ಮಿ ಬಡ್ಡಿಗೆ, ಮೂವತ್ತು ನಲವತ್ತು ವರ್ಷದ ಗಡುವಿಗೆ, ಮೊದಲ ಐದು ಹತ್ತು ವರ್ಷ ಅಸಲು ಕೇಳದೆ ಕೊಡುವುದು ರಿಯಾಯ್ತಿ ಸಾಲ. "ವಿಶ್ವಬ್ಯಾಂಕ್ ನೆರವಿನ ಯೋಜನೆ" ಅಂತ ನಮ್ಮ ಬೋರ್ಡುಗಳಲ್ಲಿ ಬರೆಯುತ್ತಾರಲ್ಲ, ಅದು ಬಹುಪಾಲು ಸಾಲ. ಬೋರ್ಡಿನಲ್ಲಿ ಸಾಲ ಅಂತ ಬರೆದರೆ ಉದ್ಘಾಟನೆಗೆ ಕಳೆ ಬರುವುದಿಲ್ಲ ಅಂತ ಕಾಣುತ್ತೆ.

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ವರಮಾನದಲ್ಲಿ ಶೇಕಡ 0.7 ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ಠರಾವು ಮಾಡಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಥರದ ಬೆರಳೆಣಿಕೆಯ ದೇಶಗಳಷ್ಟೇ ಅದನ್ನು ನಡೆಸಿಕೊಂಡು ಬಂದಿವೆ. ಅಮೆರಿಕ ಆ ಹತ್ತಿರಕ್ಕೂ ಹೋಗಿಲ್ಲ.

ಐಎಂಎಫ್ ಬೇರೆನಾ?

ಬೇರೆ. ವಿಶ್ವಬ್ಯಾಂಕ್ ರಸ್ತೆ, ಶಾಲೆ, ಕಾಲುವೆ ಅಂತ ಕೊಡುತ್ತದೆ. ಐಎಂಎಫ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಕೊಡುವುದು ದೇಶದ ಕೈಯಲ್ಲಿ ಡಾಲರ್ ಖಾಲಿಯಾದಾಗ. 1991ರಲ್ಲಿ ನಾವೇ ಹೋಗಿ ನಿಂತಿದ್ದೆವು. ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡ ಇಟ್ಟಿತ್ತು.

ಕೆಆರ್‌ಎಸ್ ಕಟ್ಟಿದ್ದು ವಿಶ್ವಬ್ಯಾಂಕ್ ಸಾಲದಲ್ಲಿ ಅಂತ ನಮ್ಮ ಮಾವ ಹೇಳ್ತಾರೆ, ಹೌದಾ?

ಅಲ್ಲ. ಕೆಲಸ ಶುರುವಾಗಿದ್ದು 1911ರಲ್ಲಿ, ಆಗ ವಿಶ್ವಬ್ಯಾಂಕ್ ಹುಟ್ಟಿರಲೇ ಇಲ್ಲ. ಮಾವನವರಿಗೆ ಮೆತ್ತಗೆ ಹೇಳಿ.

ಹಾಗಾದ್ರೆ ನಮ್ಮ ಕಡೆಗೆ ಇಂಥ ಸಾಲ ಬಂದೇ ಇಲ್ವಾ?

ಬಂದಿದೆ, ಜಾಸ್ತಿಯೇ ಬಂದಿದೆ. 1990ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ, ಅಂದರೆ ಎಡಿಬಿಯ, ಸಾಲ ಮೈಸೂರಿಗೆ ಬಂತು. ಬೆಂಗಳೂರಿನ ಮೇಲಿನ ಒತ್ತಡ ಇಳಿಸಬೇಕು ಅಂತ ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣಗಳ ನೀರು, ಒಳಚರಂಡಿ, ರಸ್ತೆ ಕೆಲಸಕ್ಕೆ ಕೊಟ್ಟ ಸಾಲ ಅದು. ಹಳಬರು ಈಗಲೂ "ಎಡಿಬಿ ಕಾಮಗಾರಿ" ಅನ್ನುತ್ತಾರಲ್ಲ, ಅದೇ. ರಾಜ್ಯದ ಹೆದ್ದಾರಿಗಳಿಗೆ 2001ರಲ್ಲಿ ವಿಶ್ವಬ್ಯಾಂಕ್ ಕೊಟ್ಟಿತು, ಕೆಶಿಪ್ (ಕರ್ನಾಟಕ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆ) ಅನ್ನುವ ಹೆಸರು ಅಲ್ಲಿಂದ ಬಂದದ್ದು. ಮಾರನೇ ವರ್ಷ ಕೆರೆಗಳ ಹೂಳು, ತೂಬು, ಏರಿ ರಿಪೇರಿಗೆ ಜಲ ಸಂವರ್ಧನೆ ಯೋಜನೆ ಬಂತು.

ಇಲ್ಲಿ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವುದು ಕೇಂದ್ರ ಸರ್ಕಾರ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ನಗರಕ್ಕೆ. 2005ಕ್ಕೆ ಮುಂಚೆ ಡಾಲರ್ ಏರಿದರೆ ಆ ಹೊರೆಯನ್ನು ಕೇಂದ್ರ ಹೊರುತ್ತಿತ್ತು. ಆಮೇಲೆ ನಮ್ಮಂಥ ರಾಜ್ಯಗಳಿಗೆ ಹೊಸ ಸಾಲಗಳನ್ನು ಬಂದ ಷರತ್ತಿನಲ್ಲೇ ದಾಟಿಸುತ್ತಾರೆ. ಅಂದರೆ ರೂಪಾಯಿ ಬಿದ್ದರೆ ರಾಜ್ಯದ ಕಂತು ಏರುತ್ತದೆ. "ಎರಡೇ ಪರ್ಸೆಂಟ್ ಬಡ್ಡಿ" ಅಂತ ಯಾರಾದರೂ ಭಾಷಣ ಮಾಡಿದರೆ, ಅದು ಯಾವ ಹಣದಲ್ಲಿ ಅಂತ ಕೇಳಿ.

## ದುಡ್ಡು ಸೋರುವ ಕಥೆ

ಇಷ್ಟು ದೊಡ್ಡ ಬ್ಯಾಂಕಿನ ದುಡ್ಡನ್ನ ಮಂತ್ರಿ ಸೀದಾ ಜೇಬಿಗೆ ಹಾಕ್ಕೊಳ್ಳೋಕೆ ಹೇಗಾಗುತ್ತೆ?

ಸೀದಾ ಹಾಕಿಕೊಳ್ಳುವುದು ಅಪರೂಪ. ಸಾಮಾನ್ಯವಾಗಿ ದುಡ್ಡು ಟೆಂಡರಿನಲ್ಲಿ ಹೋಗುತ್ತೆ. ಒಬ್ಬನಿಗೇ ಹೊಂದುವ ಹಾಗೆ ಷರತ್ತು ಬರೆಯುವುದು, ಕಂಟ್ರಾಕ್ಟರುಗಳು ಒಳಗೊಳಗೇ ಮಾತಾಡಿಕೊಂಡು ಸರದಿ ಮೇಲೆ ಗೆಲ್ಲುವುದು, ದೊಡ್ಡ ಕೆಲಸವನ್ನು ತುಂಡು ಗುತ್ತಿಗೆ ಮಾಡಿ ಟೆಂಡರ್ ಮಿತಿಗಿಂತ ಕೆಳಗೆ ಇಳಿಸುವುದು, ಆಮೇಲೆ ಅಳತೆ ಪುಸ್ತಕದಲ್ಲಿ ಹಾಕದ ಜಲ್ಲಿಯನ್ನು ಹಾಕಿದ್ದೇವೆ ಅಂತ ಬರೆಯುವುದು. ಮಂಡ್ಯದಲ್ಲಿ ಯಾವ ಸಣ್ಣ ಕಂಟ್ರಾಕ್ಟರನ್ನು ಕೇಳಿದರೂ ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಾರೆ, ಪರ್ಸೆಂಟೇಜ್ ಸಮೇತ.

ಇದನ್ನು ಅಳೆದೂ ನೋಡಿದ್ದಾರೆ. ಬೆಂಜಮಿನ್ ಓಲ್ಕೆನ್ ಅನ್ನುವ ಅರ್ಥಶಾಸ್ತ್ರಜ್ಞ ಇಂಡೋನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೊಸ ರಸ್ತೆಗಳನ್ನು ಇಂಜಿನಿಯರುಗಳಿಂದ ಅಗೆಸಿ, ಎಷ್ಟು ಕಲ್ಲು ಮಣ್ಣು ಇದೆ ಅಂತ ಲೆಕ್ಕ ಹಾಕಿ, ಬಿಲ್ಲಿಗೆ ತಾಳೆ ನೋಡಿದ. ವಿಶ್ವಬ್ಯಾಂಕ್ ಸಾಲದ ಹಳ್ಳಿ ರಸ್ತೆಗಳವು. ನನಗೆ ಬಹಳ ಇಷ್ಟವಾದ ಸಂಶೋಧನೆ ಇದು. ಕಚೇರಿಯಲ್ಲಿ ಕೂತು ಫೈಲ್ ನೋಡುವ ಬದಲು ರಸ್ತೆಯನ್ನೇ ಕೇಳಿದ ಹಾಗೆ.

ಮೇಲಿನ ಮಟ್ಟದಲ್ಲೂ ಸೋರುತ್ತೆ. ನೆರವನ್ನೇ ಹೆಚ್ಚು ನಂಬಿಕೊಂಡ 22 ದೇಶಗಳ ಲೆಕ್ಕ ತೆಗೆದ ಒಂದು ಅಧ್ಯಯನ 2020ರಲ್ಲಿ ಬಂತು. ವಿಶ್ವಬ್ಯಾಂಕಿನ ದುಡ್ಡು ಬಂದ ಮೂರು ತಿಂಗಳಲ್ಲೇ ಸ್ವಿಟ್ಜರ್ಲೆಂಡ್ ಥರದ ಗುಟ್ಟಿನ ಖಾತೆಗಳಲ್ಲಿ ಆ ದೇಶದವರ ಠೇವಣಿ ಏರುತ್ತಿತ್ತು. ಆ ಏರಿಕೆ, ಬಂದ ದುಡ್ಡಿನ ಸುಮಾರು ಶೇಕಡ 7.5ರಷ್ಟು. ಯಾರ ಹೆಸರೂ ಅದರಲ್ಲಿಲ್ಲ, ಬರೀ ಒಟ್ಟು ಮೊತ್ತ. ಅಷ್ಟಕ್ಕೇ ಬ್ಯಾಂಕಿನ ಒಳಗೆ ದೊಡ್ಡ ಗಲಾಟೆ ಆಯಿತು.

ಲಂಚ ತಿನ್ನೋರು ಬಡ ದೇಶದ ರಾಜಕಾರಣಿಗಳು, ಸರಿ. ಕೊಡೋರು ಯಾರು?

ಹೀಗೆ ಕೇಳುವವರು ಕಮ್ಮಿ, ಕೇಳಿದವರಿಗೆ ನಮಸ್ಕಾರ. ಕೊಡುವವರಲ್ಲಿ ಬಹಳ ಜನ ಶ್ರೀಮಂತ ದೇಶದ ಕಂಪನಿಗಳು. ಜರ್ಮನಿಯಲ್ಲಿ 1990ರ ದಶಕದ ಕೊನೆಯವರೆಗೂ ಹೊರದೇಶದ ಅಧಿಕಾರಿಗೆ ಕೊಟ್ಟ ಲಂಚವನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು! ಅಮೆರಿಕ 1977ರಲ್ಲೇ ಅಂಥ ಲಂಚವನ್ನು ಅಪರಾಧ ಮಾಡಿತು. ಉಳಿದ ಶ್ರೀಮಂತ ದೇಶಗಳು ಒಪ್ಪಂದಕ್ಕೆ ಬಂದಿದ್ದು 1997ರಲ್ಲಿ.

ಲೆಸೋಥೋ ಕಥೆ ಓದಿ. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಕೂತಿರುವ ಪುಟ್ಟ ಬಡ ದೇಶ ಅದು. ಅಲ್ಲಿನ ನೀರು ಸಾಗಿಸುವ ಸುರಂಗ, ಅಣೆಕಟ್ಟಿನ ಯೋಜನೆಗೆ ವಿಶ್ವಬ್ಯಾಂಕ್ ಸಾಲವೂ ಇತ್ತು. ಯೋಜನೆಯ ಮುಖ್ಯಸ್ಥ ಮಸುಫಾ ಸೋಲೆಗೆ ಹೊರದೇಶದ ಕಂಪನಿಗಳು ಏಜೆಂಟರ ಮೂಲಕ ಸ್ವಿಸ್ ಖಾತೆಗೆ ಹಣ ಕಳಿಸಿದ್ದವು. ಲೆಸೋಥೋ ಸ್ವಿಸ್ ಬ್ಯಾಂಕ್ ದಾಖಲೆ ತರಿಸಿ, 2002ರಲ್ಲಿ ಸೋಲೆಯನ್ನು ಜೈಲಿಗೆ ಹಾಕಿತು. ಅಲ್ಲಿಗೆ ನಿಲ್ಲಲಿಲ್ಲ. ಕೊಟ್ಟ ಕೆನಡಾದ ಏಕರ್ಸ್ ಕಂಪನಿಯನ್ನೂ, ಜರ್ಮನಿಯ ಲಾಮೆಯರ್ ಕಂಪನಿಯನ್ನೂ ಅದೇ ಕೋರ್ಟು ತಪ್ಪಿತಸ್ಥ ಅಂದಿತು. ವಿಶ್ವಬ್ಯಾಂಕ್ ಏಕರ್ಸನ್ನು ಕಪ್ಪುಪಟ್ಟಿಗೆ ಹಾಕಿದ್ದು ಅದಾದ ಮೇಲೆ, 2004ರಲ್ಲಿ. ಕೇಸಿನ ಖರ್ಚು ಹೊತ್ತು ಮುಂದೆ ನಡೆದದ್ದು ಆ ಬಡ ದೇಶ, ವಾಷಿಂಗ್ಟನ್ ಅದರ ಹಿಂದೆ ಬಂತು.

ಕಳ್ಳ ಅಂತ ಗೊತ್ತಿದ್ದೂ ಮೊಬುಟು ಅಂಥೋರಿಗೆ ಯಾಕೆ ಸಾಲ ಕೊಡ್ತಾನೇ ಹೋದ್ರು?

ಮೊಬುಟು 1965ರಿಂದ 1997ರವರೆಗೆ ಝೈರ್ ದೇಶವನ್ನು, ಅಂದರೆ ಈಗಿನ ಕಾಂಗೋವನ್ನು, ಆಳಿದವನು. ಕಾಡಿನ ಮಧ್ಯೆ ತನ್ನ ಊರು ಬಡೋಲಿಟೆಯಲ್ಲಿ ಅರಮನೆ ಕಟ್ಟಿಸಿ, ಕಾಂಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಹಾಕಿಸಿದ್ದ. ಐಎಂಎಫ್ 1978ರಲ್ಲಿ ಎರ್ವಿನ್ ಬ್ಲೂಮೆಂಥಾಲ್ ಅನ್ನುವ ಜರ್ಮನ್ ಅಧಿಕಾರಿಯನ್ನು ಅಲ್ಲಿನ ಕೇಂದ್ರ ಬ್ಯಾಂಕಿಗೆ ಕಳಿಸಿತು. ಅವನು ವರ್ಷದೊಳಗೆ ಬೇಸತ್ತು ಹೊರಟ. 1982ರ ಅವನ ವರದಿ ನೇರವಾಗಿತ್ತು: ಇಲ್ಲಿ ಭ್ರಷ್ಟಾಚಾರವೇ ಆಡಳಿತ, ಕೊಟ್ಟವರ ದುಡ್ಡು ವಾಪಸ್ ಬರುವ ಆಸೆ ಇಲ್ಲ. ಅದಾದ ಮೇಲೂ ಸಾಲ ನಿಲ್ಲಲಿಲ್ಲ.

ಶೀತಲ ಸಮರ ಒಂದು ಕಾರಣ. ಮೊಬುಟು ರಷ್ಯಾ ವಿರುದ್ಧ ಅಮೆರಿಕದ ಕಡೆಗಿದ್ದ, ಅಷ್ಟೇ ಸಾಕಿತ್ತು. ಎಲ್ಲರೂ ಇದನ್ನೇ ಹೇಳುತ್ತಾರೆ, ಸರಿಯೇ. ಆದರೆ ನನ್ನ ಪ್ರಕಾರ ಇನ್ನೊಂದು ಕಾರಣ ಇದಕ್ಕಿಂತ ಆಳವಾದದ್ದು, ಮತ್ತು ಶೀತಲ ಸಮರ ಮುಗಿದರೂ ಮುಗಿಯದ್ದು.

ಸಾಲ ಕೊಡುವ ಸಂಸ್ಥೆಯಲ್ಲಿ ಕೆಲಸ ಮಾಡುವವನ ಬಡ್ತಿ ಎಷ್ಟು ಸಾಲ ಮಂಜೂರು ಮಾಡಿಸಿದ ಅನ್ನುವುದರ ಮೇಲೆ ನಿಂತಿರುತ್ತೆ. ಹತ್ತು ವರ್ಷದ ಮೇಲೆ ಕಾಲುವೆಯಲ್ಲಿ ನೀರು ಬಂತೋ ಇಲ್ಲವೋ ನೋಡುವ ಹೊತ್ತಿಗೆ ಅವನು ಬೇರೆ ದೇಶದ ಡೆಸ್ಕಿಗೆ ಹೋಗಿರುತ್ತಾನೆ. ಇದನ್ನು ಬ್ಯಾಂಕಿನವರೇ ಒಪ್ಪಿದ್ದಾರೆ. 1992ರಲ್ಲಿ ವಿಲ್ಲಿ ವಾಪೆನ್‌ಹಾನ್ಸ್ ಕೊಟ್ಟ ಒಳಗಿನ ವರದಿ, ಆಗ ತಾನೇ ಮುಗಿದ ಯೋಜನೆಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚು ಸರಿಯಾಗಿಲ್ಲ ಅಂದಿತು. ಮಂಜೂರಾತಿಯೇ ಮುಖ್ಯ ಅನ್ನುವ ರೂಢಿ ಇದಕ್ಕೆ ಕಾರಣ ಅಂತಲೂ ಬರೆಯಿತು.

ಹಳೇ ಕಂತು ಕಟ್ಟಲಾರದ ದೇಶಕ್ಕೆ ಹೊಸ ಸಾಲ ಕೊಟ್ಟರೆ ಆ ದುಡ್ಡಲ್ಲೇ ಹಳೇ ಕಂತು ಕಟ್ಟುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಸುಸ್ತಿ ಕಾಣುವುದಿಲ್ಲ. ನಮ್ಮ ಕಡೆ ಸೊಸೈಟಿಯಲ್ಲಿ ಮಾರ್ಚ್ ಕೊನೆಗೆ ಬುಕ್ ಅಡ್ಜಸ್ಟ್‌ಮೆಂಟ್ ಮಾಡುತ್ತಾರಲ್ಲ, ಬೆಳೆ ಸಾಲ ಚುಕ್ತಾ ಅಂತ ಬರೆದು ಅದೇ ದಿನ ಅದೇ ರೈತನ ಹೆಸರಿಗೆ ಹೊಸ ಸಾಲ ಬರೆಯುವುದು, ಸೆಕ್ರೆಟರಿಗೂ ಖುಷಿ, ವಸೂಲಿ ನೂರಕ್ಕೆ ನೂರು. ಝೈರ್ ವಿಷಯದಲ್ಲೂ ನಡೆದದ್ದು ಅದೇ, ಸೊನ್ನೆಗಳು ಜಾಸ್ತಿ. ಅದಕ್ಕೇ ಭ್ರಷ್ಟಾಚಾರದ ಮಾತು ಬಂದಾಗ ಸಾಲಗಾರನ ಕಡೆಗೆ ಮಾತ್ರ ಬೆರಳು ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಕೊಡಲೇಬೇಕಾದ ಒತ್ತಡ ಇರುವವನು ಕಣ್ಣು ಬಿಟ್ಟು ನೋಡುವುದಿಲ್ಲ.

1996ರವರೆಗೆ ಬ್ಯಾಂಕಿನಲ್ಲಿ ಭ್ರಷ್ಟಾಚಾರ ಅನ್ನುವ ಮಾತನ್ನೇ ಬಹಿರಂಗವಾಗಿ ಆಡುತ್ತಿರಲಿಲ್ಲ, ಅದು ರಾಜಕೀಯ, ನಮಗೆ ಸಂಬಂಧವಿಲ್ಲ ಅನ್ನುತ್ತಿದ್ದರು. ಆ ವರ್ಷ ಅಧ್ಯಕ್ಷ ಜೇಮ್ಸ್ ವುಲ್ಫೆನ್ಸನ್ ವಾರ್ಷಿಕ ಸಭೆಯಲ್ಲಿ ಅದನ್ನು ಕ್ಯಾನ್ಸರ್ ಅಂತ ಕರೆದ ಮೇಲೆ ಬಾಗಿಲು ತೆರೆಯಿತು.

ಸರ್ವಾಧಿಕಾರಿ ತಿಂದ ಸಾಲನ ಅವನು ಹೋದ ಮೇಲೆ ಜನ ಯಾಕೆ ತೀರಿಸಬೇಕು?

ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಸಾಲ ದೇಶದ್ದು, ಆಳುವವನದ್ದಲ್ಲ. ಜನರ ಒಪ್ಪಿಗೆ ಇಲ್ಲದೆ, ಜನರಿಗೆ ಉಪಯೋಗ ಇಲ್ಲದೆ, ಕೊಟ್ಟವನಿಗೂ ಇದು ಗೊತ್ತಿದ್ದು ಕೊಟ್ಟ ಸಾಲವನ್ನು ತೀರಿಸಬೇಕಿಲ್ಲ ಅಂತ ಅಲೆಕ್ಸಾಂಡರ್ ಸಾಕ್ ಅನ್ನುವ ಕಾನೂನು ಪಂಡಿತ 1927ರಲ್ಲೇ ಬರೆದ. ಕೇಳಲು ಚೆನ್ನಾಗಿದೆ, ಕೋರ್ಟುಗಳಲ್ಲಿ ಮಾತ್ರ ನಿಲ್ಲಲಿಲ್ಲ.

ಫಿಲಿಪ್ಪೀನ್ಸ್ ನೋಡಿ. ಸರ್ವಾಧಿಕಾರಿ ಮಾರ್ಕೋಸ್ ಕಾಲದಲ್ಲಿ ಬತಾನ್ ಅನ್ನುವಲ್ಲಿ 200 ಕೋಟಿ ಡಾಲರ್ ಮೀರಿದ ಖರ್ಚಿನಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಿದರು. ಗುತ್ತಿಗೆಯಲ್ಲಿ ಮಾರ್ಕೋಸ್ ಆಪ್ತರಿಗೆ ಕಮಿಷನ್ ಹೋಯಿತು ಅನ್ನುವ ಆರೋಪ ದೊಡ್ಡದಾಗಿ ಬಂತು. ಒಂದು ಯೂನಿಟ್ ಕರೆಂಟ್ ಬರಲಿಲ್ಲ. ಅದರ ಸಾಲವನ್ನು ಆ ದೇಶದ ಜನ 2007ರವರೆಗೆ ಕಟ್ಟಿದರು. ಮಾರ್ಕೋಸ್ 1986ರಲ್ಲೇ ಓಡಿಹೋಗಿದ್ದ.

ಸಾಲ ಮನ್ನಾ ಆಗಿಲ್ಲ ಅಂತಲ್ಲ. 1996ರಲ್ಲಿ, ಆಮೇಲೆ 2005ರಲ್ಲಿ ತೀರಾ ಬಡ ದೇಶಗಳ ದೊಡ್ಡ ಪಾಲು ಸಾಲ ಬಿಟ್ಟರು. ಅದು ಕರುಣೆಯ ಲೆಕ್ಕ. ತಪ್ಪು ನಮ್ಮದೂ ಇದೆ ಅಂತ ಒಪ್ಪಿ ಬಿಟ್ಟದ್ದು ನಾರ್ವೆ. 1970ರ ದಶಕದ ಕೊನೆಯಲ್ಲಿ ತನ್ನ ಹಡಗು ಕಟ್ಟೆಗಳಿಗೆ ಕೆಲಸ ಇಲ್ಲ ಅಂತ ಬಡ ದೇಶಗಳಿಗೆ ಸಾಲ ಕೊಟ್ಟು ಹಡಗು ಮಾರಿತ್ತು. ಆ ಸಾಲ ಕೊಟ್ಟ ರೀತಿಯೇ ಸರಿಯಿರಲಿಲ್ಲ, ಹೊಣೆ ನಮ್ಮ ಮೇಲೂ ಇದೆ ಅಂತ 2006ರಲ್ಲಿ ಈಕ್ವೆಡಾರ್, ಪೆರು, ಈಜಿಪ್ಟ್, ಜಮೈಕಾ, ಸಿಯೆರಾ ಲಿಯೋನ್ ಐದೂ ದೇಶಗಳ ಬಾಕಿ ಬಿಡಲು ತೀರ್ಮಾನಿಸಿತು. ಇನ್ನೊಂದು ದೇಶ ಇದನ್ನು ಹಿಂಬಾಲಿಸಿದ್ದನ್ನು ನಾನು ಕಂಡಿಲ್ಲ.

## ಸ್ವಲ್ಪ ಕಷ್ಟದವು

ಕದೀತಾರೆ ಅಂತ ಗೊತ್ತಾದ ತಕ್ಷಣ ಸಾಲ ನಿಲ್ಲಿಸಿಬಿಟ್ರೆ ಆಯ್ತಲ್ಲ?

ಬಾಂಗ್ಲಾದೇಶದ ಪದ್ಮಾ ಸೇತುವೆಗೆ ಒಪ್ಪಿದ್ದ 120 ಕೋಟಿ ಡಾಲರನ್ನು ವಿಶ್ವಬ್ಯಾಂಕ್ 2012ರಲ್ಲಿ ಲಂಚದ ಸಂಚು ನಡೆದಿದೆ ಅಂತ ರದ್ದು ಮಾಡಿತು. ಆ ಆರೋಪ ಹೊತ್ತ ಕೆನಡಾದ ಎಸ್‌ಎನ್‌ಸಿ ಲಾವಲಿನ್ ಕಂಪನಿ ಗುಂಪಿಗೆ ಹತ್ತು ವರ್ಷ ಬಹಿಷ್ಕಾರ ಹಾಕಿತು. 2017ರಲ್ಲಿ ಕೆನಡಾದ ಕೋರ್ಟು ಫೋನ್ ಕದ್ದಾಲಿಕೆಯ ಸಾಕ್ಷ್ಯವನ್ನು ಬದಿಗಿಟ್ಟಿತು, ಆರೋಪಿಗಳು ಖುಲಾಸೆಯಾದರು. ಅಷ್ಟರಲ್ಲಿ ಬಾಂಗ್ಲಾದೇಶ ಸ್ವಂತ ದುಡ್ಡಲ್ಲಿ ಕೆಲಸ ಶುರು ಮಾಡಿತ್ತು. ಸೇತುವೆ 2022ರಲ್ಲಿ ತೆರೆಯಿತು. ಸಾಲ ನಿಂತದ್ದನ್ನೇ ಅಲ್ಲಿನ ಸರ್ಕಾರ ಸ್ವಾಭಿಮಾನದ ಕಥೆ ಮಾಡಿಕೊಂಡಿತು.

ಚಾಡ್ ದೇಶದಲ್ಲಿ ಉಲ್ಟಾ ಆಯಿತು. ಎಣ್ಣೆ ಪೈಪ್‌ಲೈನಿಗೆ ಬ್ಯಾಂಕ್ 2000ರಲ್ಲಿ ಸಾಲ ಒಪ್ಪಿದಾಗ, ಬರುವ ಹಣದ ಬಹುಪಾಲು ಶಾಲೆ ಆಸ್ಪತ್ರೆಗೆ ಅಂತ ಕಾನೂನೇ ಮಾಡಿಸಿತು. ಎಣ್ಣೆ ಹರಿಯಲು ಶುರುವಾದ ಮೇಲೆ ಚಾಡ್ ಆ ಕಾನೂನನ್ನೇ ತಿದ್ದಿತು. ಬ್ಯಾಂಕ್ ಗದರಿತು. 2008ರಲ್ಲಿ ಚಾಡ್ ಸಾಲ ಪೂರ್ತಿ ಕಟ್ಟಿ ಕೈ ತೊಳೆದುಕೊಂಡಿತು. ಎಣ್ಣೆ ದುಡ್ಡು ಬರುವ ದೇಶಕ್ಕೆ ಸಾಲ ನಿಲ್ಲಿಸುತ್ತೇವೆ ಅನ್ನುವುದು ಬೆದರಿಕೆಯೇ ಅಲ್ಲ. ತೀರಾ ಬಡವರಿಗೆ ನಿಲ್ಲಿಸಿದರೆ ಏಟು ಬೀಳುವುದು ಲಸಿಕೆ, ಮಧ್ಯಾಹ್ನದ ಊಟದ ಮೇಲೆ.

ಮತ್ತೆ ಏನು ಮಾಡಿದ್ರೆ ಕಮ್ಮಿ ಆಗುತ್ತೆ? ಗ್ರಾಮಸಭೆ ಕರೆದ್ರೆ ಸಾಕಾ?

ಮೇಲೆ ಹೇಳಿದ ಇಂಡೋನೇಷ್ಯಾದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕೆಲವು ಹಳ್ಳಿಗೆ ಖಂಡಿತ ಆಡಿಟ್ ಬರುತ್ತೆ ಅಂತ ಮೊದಲೇ ಹೇಳಿದರು. ಅಲ್ಲಿ ಕಾಣೆಯಾಗುವ ದುಡ್ಡು ಎಂಟು ಶೇಕಡಾಂಶದಷ್ಟು ಇಳಿಯಿತು. ಬರೀ ಸಭೆಗೆ ಹೆಚ್ಚು ಜನರನ್ನು ಕರೆದ ಕಡೆ ಸರಾಸರಿಯಲ್ಲಿ ಅಂಥ ವ್ಯತ್ಯಾಸ ಆಗಲಿಲ್ಲ. ಗ್ರಾಮಸಭೆಯ ಅಭಿಮಾನಿಗಳು ಬೇಜಾರಾಗಬೇಡಿ, ನಾನೂ ಅಭಿಮಾನಿಯೇ. ಇನ್ನೊಂದು ತಮಾಷೆ, ಆಡಿಟ್ ಇದ್ದ ಹಳ್ಳಿಗಳಲ್ಲಿ ಕಾಮಗಾರಿ ಕೂಲಿಗೆ ನೆಂಟರಿಷ್ಟರನ್ನು ಸೇರಿಸುವುದು ಜಾಸ್ತಿಯಾಯಿತು.

ಉಗಾಂಡಾದಲ್ಲಿ 1991ರಿಂದ 1995ರವರೆಗೆ ಶಾಲೆಗಳ ಖರ್ಚಿಗೆ ಅಂತ ಸರ್ಕಾರ ಕಳಿಸಿದ ಅನುದಾನದಲ್ಲಿ ಶಾಲೆಗೆ ಮುಟ್ಟಿದ್ದು ಸರಾಸರಿ ಶೇಕಡ 13. ರೂಪಾಯಿಯಲ್ಲಿ 15 ಪೈಸೆ ಮಾತ್ರ ಜನರಿಗೆ ಮುಟ್ಟುತ್ತೆ ಅಂತ 1985ರಲ್ಲಿ ರಾಜೀವ್ ಗಾಂಧಿ ಹೇಳಿದ ಮಾತು ನೆನಪಾಗುತ್ತೆ, ಅಲ್ವಾ? ಉಗಾಂಡಾದಲ್ಲಿ ಮಾತ್ರ ಲೆಕ್ಕ ಹಾಕಿಯೇ ಹೇಳಿದ್ದು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಅಂತ ಪತ್ರಿಕೆಯಲ್ಲಿ ಹಾಕಿಸಿದರು, ಶಾಲೆಯಲ್ಲೂ ಗೋಡೆಗೆ ಅಂಟಿಸಿದರು. 2001ರ ಹೊತ್ತಿಗೆ ಶೇಕಡ 80 ದಾಟಿತು. ಪತ್ರಿಕೆ ಒಂದರಿಂದಲೇ ಹೀಗಾಯಿತು ಅನ್ನುವುದು ನನಗೆ ಅತಿಯಾಯಿತು ಅನ್ನಿಸುತ್ತೆ, ಅದೇ ಕಾಲಕ್ಕೆ ಹಣ ಕಳಿಸುವ ವ್ಯವಸ್ಥೆಯೂ ಬದಲಾಗಿತ್ತು. ಆದರೂ ಹೆಡ್‌ಮಾಸ್ಟರಿಗೆ ತನ್ನ ಶಾಲೆಗೆ ಎಷ್ಟು ಬರಬೇಕು ಅಂತ ಗೊತ್ತಿರುವುದು ಸಣ್ಣ ವಿಷಯವಲ್ಲ.

ಚೀನಾ ಸಾಲ ಎಲ್ಲಕ್ಕಿಂತ ಡೇಂಜರ್ ಅಂತಾರಲ್ಲ?

ಶ್ರೀಲಂಕಾ ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಕ್ಕೆ ಚೀನಾ ಕಂಪನಿಗೆ ಕೊಟ್ಟ ಮೇಲೆ ಈ ಮಾತು ಜೋರಾಯಿತು. ಆದರೆ ಶ್ರೀಲಂಕಾ 2022ರಲ್ಲಿ ಮುಳುಗಿದಾಗ ಅದರ ಹೊರಸಾಲದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಮಾರುಕಟ್ಟೆಯಲ್ಲಿ ಮಾರಿದ ಬಾಂಡುಗಳದ್ದು. ನನಗೆ ಚೀನಾ ಅನ್ನುವುದಕ್ಕಿಂತ ಗುಟ್ಟು ಅನ್ನುವುದು ಹೆಚ್ಚು ಭಯ. ಮೊಜಾಂಬಿಕ್‌ನಲ್ಲಿ 2013, 2014ರಲ್ಲಿ ಮೀನು ಹಡಗು, ಕರಾವಳಿ ಕಾವಲು ಅಂತ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದರು. ಅದರ ದೊಡ್ಡ ಪಾಲಿಗೆ ಸಂಸತ್ತಿಗೂ ಐಎಂಎಫಿಗೂ ಹೇಳದೆ ಸರ್ಕಾರಿ ಖಾತರಿ ಕೊಟ್ಟಿದ್ದರು. 2016ರಲ್ಲಿ ಬಯಲಾಗಿ ನೆರವೂ ನಿಂತಿತು. ಕೊಟ್ಟವರು ಚೀನಾದವರಲ್ಲ. ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಮತ್ತು ರಷ್ಯಾದ ಒಂದು ಬ್ಯಾಂಕ್. ಆಗಿನ ಹಣಕಾಸು ಮಂತ್ರಿ ಮ್ಯಾನುಯೆಲ್ ಚಾಂಗ್ ತಪ್ಪಿತಸ್ಥ ಅಂತ ನ್ಯೂಯಾರ್ಕಿನಲ್ಲಿ 2024ರಲ್ಲಿ ತೀರ್ಪಾಯಿತು.

ನಾವೂ ಬೇರೆ ದೇಶಕ್ಕೆ ಸಾಲ ಕೊಡ್ತೀವಂತೆ?

ಹೌದು, ಎಕ್ಸಿಮ್ ಬ್ಯಾಂಕ್, ಅಂದರೆ ಸರ್ಕಾರದ ರಫ್ತು ಆಮದು ಬ್ಯಾಂಕ್, ಮೂಲಕ. ಆಫ್ರಿಕಾಕ್ಕೆ, ನೆರೆಯ ದೇಶಗಳಿಗೆ. ಸಾಮಾನ್ಯವಾಗಿ ಅದರಲ್ಲಿ ಶೇಕಡ 75ರಷ್ಟು ಸರಕು, ಸೇವೆ ಭಾರತದಿಂದಲೇ ಕೊಳ್ಳಬೇಕು ಅನ್ನುವ ಷರತ್ತು ಇರುತ್ತೆ. ನಾರ್ವೆಯ ಹಡಗಿನ ಕಥೆಯನ್ನು ಇಲ್ಲಿ ಇನ್ನೊಮ್ಮೆ ಓದಬಹುದು.

ಸಾಲ ಕೊಟ್ಟ ಬ್ಯಾಂಕಿನ ಮೇಲೇ ದೂರು ಕೊಡೋಕಾಗುತ್ತಾ?

ಆಗುತ್ತೆ, ಮತ್ತು ಆ ದಾರಿ ತೆರೆಯಲು ನಮ್ಮ ನರ್ಮದಾ ಕಣಿವೆಯವರ ಹೋರಾಟ ದೊಡ್ಡ ಕಾರಣ. ಅಲ್ಲಿನ ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ ಬ್ಯಾಂಕ್ 45 ಕೋಟಿ ಡಾಲರ್ ಒಪ್ಪಿತ್ತು. ಪುನರ್ವಸತಿ ಸರಿಯಿಲ್ಲ ಅಂತ 1992ರಲ್ಲಿ ಬ್ಯಾಂಕೇ ನೇಮಿಸಿದ್ದ ಮೋರ್ಸ್ ಸಮಿತಿ ವರದಿ ಕೊಟ್ಟಿತು. ಮಾರನೇ ವರ್ಷ ಭಾರತವೇ ಉಳಿದ ಸಾಲ ಬೇಡ ಅಂದಿತು. ಅದೇ 1993ರಲ್ಲಿ ಬ್ಯಾಂಕ್ ತನಿಖಾ ಮಂಡಳಿ ಸ್ಥಾಪಿಸಿತು. ತೊಂದರೆಗೆ ಒಳಗಾದ ಇಬ್ಬರು ಸೇರಿದರೂ ಅಲ್ಲಿಗೆ ದೂರು ಬರೆಯಬಹುದು. ಕೋರ್ಟಿನ ದಾರಿ ಇನ್ನೂ ಕಡಿದು. ಗುಜರಾತಿನ ಮುಂದ್ರಾ ಮೀನುಗಾರರು ವಿಶ್ವಬ್ಯಾಂಕ್ ಗುಂಪಿನಲ್ಲಿ ಖಾಸಗಿ ಕಂಪನಿಗಳಿಗೆ ಸಾಲ ಕೊಡುವ ಐಎಫ್‌ಸಿ ಮೇಲೆ, ಅದು ಸಾಲ ಕೊಟ್ಟ ವಿದ್ಯುತ್ ಸ್ಥಾವರದಿಂದ ತೊಂದರೆಯಾಯಿತು ಅಂತ, ಅಮೆರಿಕದಲ್ಲಿ ಕೇಸ್ ಹಾಕಿ, ಇಂಥ ಸಂಸ್ಥೆಗೆ ಕೋರ್ಟು ಕೇಸಿನಿಂದ ಪೂರ್ತಿ ರಕ್ಷಣೆ ಇಲ್ಲ ಅಂತ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಿಂದಲೇ ಹೇಳಿಸಿದರು. ಪರಿಹಾರ ಮಾತ್ರ ಸಿಗಲಿಲ್ಲ, ಕೇಸ್ ಆಮೇಲೆ ಬಿದ್ದುಹೋಯಿತು.

ಒಂದು ಯೋಜನೆಯ ಕಾಗದಪತ್ರ ನಾನೇ ಓದಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

2010ರಿಂದ ವಿಶ್ವಬ್ಯಾಂಕ್ ತನ್ನ ಯೋಜನೆಗಳ ಹೆಚ್ಚಿನ ದಾಖಲೆಗಳನ್ನು ಅಂತರ್ಜಾಲದಲ್ಲಿ ಹಾಕುತ್ತಿದೆ. ಯೋಜನೆಯ ಹೆಸರು ಹಾಕಿ ಹುಡುಕಿ. ಮೊದಲು ಮಂಜೂರಾತಿಯ ಹೊತ್ತಿನ ವರದಿ, ಆಮೇಲೆ ಮುಗಿದ ಮೇಲಿನ ವರದಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಮುಗಿಯುವ ದಿನಾಂಕ ಎಷ್ಟು ಸಲ ಮುಂದೆ ಹೋಗಿದೆ, ಗುರಿಗಳನ್ನು ಮಧ್ಯದಲ್ಲಿ ತಿದ್ದಿದ್ದಾರಾ, ಇವೆರಡು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತೆ. ಬಹಿಷ್ಕಾರ ಹಾಕಿದ ಕಂಪನಿಗಳ ಪಟ್ಟಿಯೂ ಅಲ್ಲೇ ಇದೆ, ನಿಮ್ಮೂರಿನ ಕಂಟ್ರಾಕ್ಟರ್ ಹೆಸರು ಹಾಕಿ ನೋಡಲು ಯಾರೂ ತಡೆಯುವುದಿಲ್ಲ.

ಬಿಲ್ಲು, ಅಳತೆ ಪುಸ್ತಕ ಬೇಕಾದರೆ ಅದು ವಾಷಿಂಗ್ಟನ್ನಿನಲ್ಲಿ ಸಿಗುವುದಿಲ್ಲ, ಕೆಲಸ ಮಾಡಿಸಿದ ಇಲಾಖೆಗೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಪೀಠಿಕೆ ಹಾಕಬೇಡಿ. ಕಾಮಗಾರಿ ಹೆಸರು, ವರ್ಷ, ಅಳತೆ ಪುಸ್ತಕದ ಪ್ರತಿ ಬೇಕು ಅಂತ ಬರೆದು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.